‘ಏಜಿಂಗ್ ವಿತ್ ಗ್ರೇಸ್’: ಮಿದುಳನ್ನು ಒಪ್ಪಿಸಿದವರು, ಒಪ್ಪದವರು

ವೈದ್ಯಕ್ಕೆ ಸಂಬಂಧಿಸಿದ ಗ್ರಂಥವೊಂದನ್ನು ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಪರಾಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರಾದರೂ ಶಂಕಿಸಬಹುದು. ಡೇವಿಡ್ ಸ್ನೋಡನ್ ಎಂಬ ಅಮೆರಿಕದ ವಿದ್ವಾಂಸರು ಬರೆದು 2001ರಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾದ ‘ಏಜಿಂಗ್ ವಿತ್ ಗ್ರೇಸ್’ ಎಂಬ ಪ್ರಕೃತ ಗ್ರಂಥವು ಮುಪ್ಪಿನ ಮರೆವನ್ನು, ವಿಶೇಷವಾಗಿ ಆಲ್ಝೈಮರ್ ರೋಗವನ್ನು ಕುರಿತದ್ದು. ಗ್ರಂಥಕರ್ತರಾದರೋ ಜನಸಮುದಾಯಗಳಲ್ಲಿ ರೋಗ ಹರಡುವ ಬಗೆಯನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಸೇರಿದವರು. ನಮ್ಮ ಸಮಾಧಾನವಿಷ್ಟೆ: ಈ ಗ್ರಂಥದ ಅತ್ಯಂತ ಪ್ರಸಿದ್ಧವಾದ ಭಾಗವು ನಿಂತಿರುವುದು ಪ್ರಯೋಗಶಾಲೆಯ ಮೇಲೆ ಮಾತ್ರವಲ್ಲ, ಒಂದು ಕ್ರೈಸ್ತ ಸನ್ಯಾಸಿನಿಯರ ಮಠದ ದಫ್ತರದ ಮೇಲೆ. ಕಬ್ಬಿಣದ ಕಡತಪೆಟ್ಟಿಗೆಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಕಾಗದಗಳು ವೈದ್ಯಶಾಸ್ತ್ರಕ್ಕೆ ಆಕರಗಳಾದುವು ಎಂದಮೇಲೆ, ಆಕರಗಳನ್ನು ಓದುವ ವಿದ್ಯೆಯನ್ನೇ ವೃತ್ತಿಯಾಗಿ ಉಳ್ಳ ನಾವು ಸುಮ್ಮನಿರುವುದು ಸಾಧುವಲ್ಲ.

ರೋಗದ ಪೂರ್ವಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಅಗಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ಬರೆದಿಟ್ಟ ವೈದ್ಯರು ಆಲೋಯಿಸ್ ಆಲ್ಝೈಮರ್. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಮ್ಯೂನಿಕ್ಕಿಗೆ ತರಿಸಿಕೊಂಡು, ಜೀವಕೋಶಗಳ ಹೊರಗೆ ಕಲೆಗಳಂತಹ ಶೇಖರಣೆಯನ್ನೂ ಒಳಗೆ ಎಳೆಗಳ ಸಿಕ್ಕನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡು, ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ನಿನ ವೈದ್ಯರ ಸಭೆಯಲ್ಲಿ ವರದಿ ಮಾಡಿದರು. 1910ರಲ್ಲಿ ಎಮಿಲ್ ಕ್ರೇಪಲಿನ್ ತಮ್ಮ ಪಠ್ಯಗ್ರಂಥದಲ್ಲಿ ರೋಗಕ್ಕೆ ಆಲ್ಝೈಮರರ ಹೆಸರಿಟ್ಟರು. ಆಕೆಯ ಕಡತವು 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ಮತ್ತೆ ದೊರೆಯಿತು. ಇಲ್ಲಿ ಗಮನಿಸತಕ್ಕದ್ದು ಇದು: ಆಕೆ ರೋಗಿ, ತಾನಾಗಿ ಬಂದು ತನ್ನನ್ನು ಶಾಸ್ತ್ರಕ್ಕೆ ಒಪ್ಪಿಸಿಕೊಂಡವಳಲ್ಲ. ಎಂಬತ್ತೈದು ವರ್ಷಗಳ ಬಳಿಕ ಸ್ನೋಡನ್ನರು ಎದುರಿಸಿದ ಸನ್ನಿವೇಶವು ಇದಕ್ಕೆ ವಿರುದ್ಧವಾದುದು. ರೋಗವಿಲ್ಲದವರನ್ನು, ಬುದ್ಧಿ ಚುರುಕಾಗಿರುವವರನ್ನು, ನಿಮ್ಮ ಮಿದುಳನ್ನು ನಮಗೆ ಕೊಡಿರೆಂದು ಕೇಳಬೇಕಾಗಿತ್ತು.

1986ರಲ್ಲಿ ಅವರು ಮಿನೆಸೋಟ ಸಂಸ್ಥಾನದ ಮ್ಯಾಂಕೇಟೋ ಎಂಬ ಊರಿನ ಗುಡ್ಡದ ಮೇಲಿರುವ ‘ಸ್ಕೂಲ್ ಸಿಸ್ಟರ್ಸ್ ಆಫ್ ನೋಟರ್ ಡೇಮ್’ ಸಂಘದ ಮಠಕ್ಕೆ ಮೊದಲು ಹೋದರು. ಈ ಸಂಘವು 1833ರಲ್ಲಿ ಬವೇರಿಯದಲ್ಲಿ ಹುಟ್ಟಿ, 1847ರಲ್ಲಿ ಅಮೆರಿಕಕ್ಕೆ ಬಂದದ್ದು. ಮಕ್ಕಳಿಗೆ ವಿದ್ಯೆ ಹೇಳುವುದೇ ಅದರ ಕಾಯಕ. ಸದಸ್ಯೆಯರಲ್ಲಿ ಬಹುಪಾಲು ಶಿಕ್ಷಕಿಯರು. ಇವರೆಲ್ಲರೂ ಒಂದೇ ಅಡಿಗೆಮನೆಯ ಊಟವನ್ನುಂಡು, ಒಂದೇ ಬಗೆಯ ವಸತಿಯಲ್ಲಿದ್ದು, ಒಂದೇ ಬಗೆಯ ವೈದ್ಯೋಪಚಾರವನ್ನು ಪಡೆದವರು. ಹೊಗೆಬತ್ತಿಯಿಲ್ಲ, ಹೆರಿಗೆಯಿಲ್ಲ, ಆಸ್ತಿಯ ತಾರತಮ್ಯವಿಲ್ಲ. ಬದುಕಿನ ಹೊರ ಸ್ಥಿತಿಗಳು ಇಷ್ಟು ಸಮಾನವಾಗಿರುವಲ್ಲಿ, ಮುಪ್ಪಿನಲ್ಲಿ ಒಬ್ಬಳ ಬುದ್ಧಿ ಉಳಿದು ಇನ್ನೊಬ್ಬಳದು ಅಳಿಯುವುದೇಕೆ ಎಂಬ ಪ್ರಶ್ನೆಯನ್ನು ಬೇರೆಡೆಗಿಂತ ಸ್ಪಷ್ಟವಾಗಿ ಕೇಳಬಹುದು. ಅಮೆರಿಕದ ಏಳು ಪ್ರಾಂತಗಳ ಮಠಗಳಿಗೆ ಅಧ್ಯಯನವು ವಿಸ್ತರಿಸಿತು. 1917ಕ್ಕೆ ಮೊದಲು ಹುಟ್ಟಿದ 1,027 ಮಂದಿ ಸೋದರಿಯರನ್ನು ಕೇಳಲಾಗಿ, 678 ಮಂದಿ ಒಪ್ಪಿದರು. ಅವರು ಒಪ್ಪಿದ್ದು ಮೂರು ವಿಷಯಗಳಿಗೆ: ವರ್ಷಕ್ಕೊಮ್ಮೆ ಸ್ಮರಣೆಯ ಪರೀಕ್ಷೆ, ಮಠದ ದಾಖಲೆಗಳ ಬಳಕೆ, ಸತ್ತ ಬಳಿಕ ಮಿದುಳಿನ ದಾನ.

ದಾಖಲೆಗಳ ಮಾತನ್ನು ಮೊದಲು ನೋಡೋಣ. 1930ರಲ್ಲಿ ಸಂಘದ ಮಾತೃಶ್ರೀಯವರು ಒಂದು ಸುತ್ತೋಲೆ ಹೊರಡಿಸಿ, ದೀಕ್ಷೆಯ ಪ್ರತಿಜ್ಞೆಯನ್ನು ಕೈಕೊಳ್ಳುವ ಪ್ರತಿಯೊಬ್ಬ ತರುಣಿಯೂ ತನ್ನ ಜೀವನವನ್ನು ಒಂದು ಹಾಳೆಗೆ ಮೀರದಂತೆ ಬರೆದುಕೊಡಬೇಕೆಂದು ವಿಧಿಸಿದರು. ಸರಾಸರಿ 22ನೆಯ ವಯಸ್ಸಿನಲ್ಲಿ ಬರೆದ ಈ ಆತ್ಮಕಥನಗಳನ್ನು ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನಿ ಸೂಸನ್ ಕೆಂಪರ್ ಅವರು ಪರಿಶೀಲಿಸಿದರು. ಹತ್ತು ಪದಗಳಲ್ಲಿ ಎಷ್ಟು ವಿಚಾರಗಳು ಅಡಕವಾಗಿವೆ ಎಂಬುದೇ ಅಳತೆಗೋಲು. ಇದಕ್ಕೆ ನಾವು ವಿಚಾರಸಾಂದ್ರತೆ ಎನ್ನಬಹುದು. 1996ರಲ್ಲಿ ಪ್ರಕಟವಾದ ಫಲಿತಾಂಶವು ಪಂಡಿತಲೋಕವನ್ನು ಬೆರಗುಗೊಳಿಸಿತು. ತಾರುಣ್ಯದ ಬರಹದಲ್ಲಿ ಸಾಂದ್ರತೆ ಕಡಮೆಯಿದ್ದವರಲ್ಲಿ ಅರುವತ್ತು ವರ್ಷಗಳ ಅನಂತರ ರೋಗ ಕಾಣಿಸಿಕೊಂಡಿತ್ತು, ಹೆಚ್ಚಿದ್ದವರಲ್ಲಿ ಇರಲಿಲ್ಲ.

ಇತಿಹಾಸದ ವಿದ್ಯಾರ್ಥಿ ಇಲ್ಲಿ ತುಸು ನಿಲ್ಲಬೇಕು. ಪರಿಶೀಲನೆಗೆ ಒಳಗಾದ ಆತ್ಮಕಥನಗಳು 93; ಅವುಗಳನ್ನು ಬರೆದವರಲ್ಲಿ ಆ ವೇಳೆಗೆ ತೀರಿಕೊಂಡು ಮಿದುಳಿನ ಪರೀಕ್ಷೆಯೂ ಆಗಿದ್ದವರು 14 ಮಂದಿ ಮಾತ್ರ. ಹದಿನಾಲ್ಕು ಶಾಸನಗಳನ್ನು ಓದಿ ಒಂದು ರಾಜವಂಶದ ಆಡಳಿತವನ್ನೆಲ್ಲ ವರ್ಣಿಸಹೊರಟವರನ್ನು ನಾವು ಈ ಸಂಚಿಕೆಯಲ್ಲಿಯೇ ಹಿಂದೆ ಆಕ್ಷೇಪಿಸಿದ್ದುಂಟು. ಸಂಖ್ಯೆಯ ಮಾತು ಹಾಗಿರಲಿ. ಅದು ಕಾಲಕ್ರಮದಲ್ಲಿ ಬೆಳೆಯತಕ್ಕದ್ದು. ನಮಗೆ ಹೆಚ್ಚು ಮುಖ್ಯವೆನಿಸುವುದು ಬರಹದ ಸಂದರ್ಭ. ಈ ಹಾಳೆಗಳನ್ನು ಬರೆಸಿದವರು ಹಿರಿಯರು, ಓದತಕ್ಕವರೂ ಅವರೇ, ವಿಷಯವನ್ನೂ ಉದ್ದವನ್ನೂ ಗೊತ್ತುಮಾಡಿದವರೂ ಅವರೇ. ವಿನಯವನ್ನು ವ್ರತವಾಗಿ ಸ್ವೀಕರಿಸಲಿರುವ ತರುಣಿ ತನ್ನ ಬಗ್ಗೆ ತಾನೇ ಬರೆಯುವಾಗ, ಇಂಥ ಊರಿನಲ್ಲಿ ಹುಟ್ಟಿದೆ, ತಂದೆ ಇಂಥ ಕೆಲಸದಲ್ಲಿದ್ದರು, ಇಂಥ ಶಾಲೆಯಲ್ಲಿ ಓದಿದೆ ಎಂದು ಮೂರು ವಾಕ್ಯಗಳಲ್ಲಿ ಮುಗಿಸಿದರೆ ಅದು ಬುದ್ಧಿಯ ಬಡತನವೋ, ಶೀಲದ ಸಂಯಮವೋ? ಅಳತೆಗೋಲಿಗೆ ಇವೆರಡರ ಭೇದ ತಿಳಿಯದು.

ಹಾಗೆಂದು ಈ ಆಕರವನ್ನು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಎಲ್ಲರೂ ಒಂದೇ ಆಜ್ಞೆಗೆ, ಒಂದೇ ವಯೋಮಾನದಲ್ಲಿ, ಒಂದೇ ವಿಷಯವನ್ನು ಒಂದೇ ಅಳತೆಯಲ್ಲಿ ಬರೆದದ್ದರಿಂದ ಒಂದಕ್ಕೊಂದನ್ನು ಹೋಲಿಸುವುದಕ್ಕೆ ಇಷ್ಟು ಯೋಗ್ಯವಾದ ಬರಹಗಳ ಸಮೂಹ ಸಿಕ್ಕುವುದು ದುರ್ಲಭ. ಸಂಕೋಚ ಎಲ್ಲರಿಗೂ ಸಮಾನವೆಂದಾದರೆ ವ್ಯತ್ಯಾಸಕ್ಕೆ ಬೇರೆ ಕಾರಣ ಹುಡುಕಬೇಕೆಂಬ ವಾದದಲ್ಲಿ ಬಲವಿದೆ. ಕಡಮೆ ಸಾಂದ್ರತೆ ರೋಗಕ್ಕೆ ಕಾರಣವೋ, ಅಥವಾ ರೋಗದ ಮೊದಲ ನೆರಳು ಅಷ್ಟು ಮುಂಚೆಯೇ ಬಿದ್ದಿತ್ತೋ ಎಂಬ ಪ್ರಶ್ನೆಯನ್ನೂ ಗ್ರಂಥಕರ್ತರು ಮರೆತಿಲ್ಲ. ಅವರ ಎಚ್ಚರ ಸಡಿಲವಾಗುವುದು ಉಪದೇಶಕ್ಕೆ ಇಳಿದಾಗ. ಉಪಶೀರ್ಷಿಕೆಯೇ ದೀರ್ಘವೂ ಆರೋಗ್ಯಕರವೂ ಅರ್ಥಪೂರ್ಣವೂ ಆದ ಬಾಳಿಗೆ ಪಾಠಗಳನ್ನು ವಾಗ್ದಾನ ಮಾಡುತ್ತದೆ. ಆಹಾರವನ್ನು ಕುರಿತ ಅಧ್ಯಾಯವು ಗ್ರಂಥದಲ್ಲಿ ಅತ್ಯಂತ ದುರ್ಬಲವಾದುದೆಂದು ನಮ್ಮ ಮತ.

ಇದಕ್ಕೆ ಪ್ರತಿಯಾಗಿ, ಸಿಸ್ಟರ್ ಮೇರಿ ಎಂಬ ಸೋದರಿಯ ವೃತ್ತಾಂತವು ಈ ಅಧ್ಯಯನದ ಕಿರೀಟಪ್ರಾಯವಾದ ಭಾಗ. ಆಕೆ 101 ವರ್ಷ ಬಾಳಿದರು. ಕೊನೆಯವರೆಗೂ ಸ್ಮರಣೆಯ ಪರೀಕ್ಷೆಗಳಲ್ಲಿ ಉತ್ತಮ ಅಂಕಗಳನ್ನು ಪಡೆದರು. ಆದರೆ ಮರಣಾನಂತರ ಅವರ ಮಿದುಳನ್ನು ಪರೀಕ್ಷಿಸಿದಾಗ ಆಲ್ಝೈಮರರು ವರ್ಣಿಸಿದ ಕಲೆಗಳೂ ಸಿಕ್ಕುಗಳೂ ಯಥೇಚ್ಛವಾಗಿದ್ದುವು. ರೋಗದ ಗುರುತುಗಳಿದ್ದೂ ರೋಗದ ಲಕ್ಷಣಗಳಿಲ್ಲದ ಈ ಸ್ಥಿತಿ, ಕಲೆಗಳೇ ರೋಗವೆಂಬ ಸರಳ ಸಮೀಕರಣವನ್ನು ಅಲುಗಿಸಿತು. 1997ರ ಇನ್ನೊಂದು ಲೇಖನವು ಇದಕ್ಕೆ ಪೂರಕವಾಗಿದೆ. ತೀರಿಕೊಂಡ 102 ಮಂದಿ ವಿದ್ಯಾವಂತ ಸೋದರಿಯರಲ್ಲಿ 61 ಮಂದಿಯ ಮಿದುಳು ರೋಗದ ಮಾನದಂಡಕ್ಕೆ ಒಳಪಟ್ಟಿತ್ತು. ಅವರಲ್ಲಿಯೂ, ರಕ್ತ ಸಂಚಾರ ನಿಂತು ಸಣ್ಣ ಭಾಗಗಳು ಸತ್ತ ಗುರುತಿದ್ದವರಲ್ಲಿಯೇ ಬುದ್ಧಿಭ್ರಂಶ ಹೆಚ್ಚಾಗಿ ಕಂಡುಬಂದಿತ್ತು.

ಈಗ ನಮಗೆ ಅತ್ಯಂತ ಮುಖ್ಯವೆಂದು ತೋರುವ ಪ್ರಶ್ನೆಗೆ ಬರುತ್ತೇವೆ. ಇವರನ್ನು ಸ್ವಯಂಸೇವಕಿಯರು ಎನ್ನುವುದು ಸರಿಯೇ? ನಮ್ಮ ಭಾಷೆಯಲ್ಲಿ ಆ ಶಬ್ದಕ್ಕೆ ಒಂದು ಇತಿಹಾಸವಿದೆ. ಸ್ವಯಂಸೇವಕನೆಂದೊಡನೆ ಡಾ. ಹರ್ಡೀಕರರ ಸೇವಾದಳವೂ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಗಲಿರುಳು ದುಡಿದ ತರುಣರೂ ಕಣ್ಣಮುಂದೆ ಬರುತ್ತಾರೆ. ಆ ಸ್ವಯಂಸೇವಕನು ಕೊಟ್ಟದ್ದು ದುಡಿಮೆಯನ್ನು. ಇಲ್ಲಿಯ ಸ್ವಯಂಸೇವಕನು ಕೊಡುವುದು ತನ್ನನ್ನೇ, ಪರೀಕ್ಷಿಸತಕ್ಕ ವಸ್ತುವನ್ನಾಗಿ. ಅದಲ್ಲದೆ, ಈ ಸೋದರಿಯರು ವಿಧೇಯತೆಯ ವ್ರತವನ್ನು ತೊಟ್ಟವರು. ಹಿರಿಯರ ಒಪ್ಪಿಗೆ ಮೊದಲು ಪಡೆದು, ಅನಂತರ ಮಠದ ಸಭೆಯಲ್ಲಿ ಕೋರಿಕೆಯನ್ನು ಮುಂದಿಟ್ಟಾಗ, ಒಬ್ಬೊಬ್ಬರ ‘ಆಗಲಿ’ ಎಂಬ ಮಾತು ಎಷ್ಟರಮಟ್ಟಿಗೆ ಅವರದೇ ಮಾತು? ಸ್ನೋಡನ್ನರು ಆ ಸಭೆಯನ್ನು ಹೃದ್ಯವಾಗಿ ವರ್ಣಿಸುತ್ತಾರೆ. ತಮಗಿದ್ದ ಅಳುಕನ್ನೂ ಮುಚ್ಚಿಡುವುದಿಲ್ಲ. ಆದರೆ ಹೃದ್ಯವಾದ ವರ್ಣನೆ ಸಾಕ್ಷ್ಯವಲ್ಲ.

ಸಾಕ್ಷ್ಯವು ಬೇರೆಡೆಯಲ್ಲಿದೆ. 1,027ರಲ್ಲಿ 678ನ್ನು ಕಳೆದರೆ ಉಳಿಯುವುದು 349. ಮೂವರಲ್ಲಿ ಒಬ್ಬರು, ಹಿರಿಯರ ಸಮ್ಮತಿಯಿದ್ದ ಕೋರಿಕೆಗೆ, ಜತೆಯವರೆಲ್ಲ ಒಪ್ಪುತ್ತಿದ್ದ ಕಾಲದಲ್ಲಿ, ಒಂದೇ ಊಟದ ಮನೆಯಲ್ಲಿ ಕುಳಿತು ಒಲ್ಲೆನೆಂದರು. ಒಲ್ಲೆನೆನ್ನುವುದು ಸಾಧ್ಯವಿದ್ದ ಮನೆಯಲ್ಲಿ ಒಪ್ಪಿದವರ ಒಪ್ಪಿಗೆಗೆ ಬೆಲೆಯುಂಟು. 678 ಮಂದಿಯ ದಾನ ಸ್ವಂತ ಇಚ್ಛೆಯದೆಂದು ಸಾರುವ ಪ್ರಬಲ ಪ್ರಮಾಣವು ದಾನ ಮಾಡದಿದ್ದ ಆ 349 ಮಂದಿಯೇ. ಆದರೆ ಇಷ್ಟು ಮುಖ್ಯರಾದ ಇವರ ಮಾತು ಗ್ರಂಥದಲ್ಲಿ ನಮಗೆ ಹೆಚ್ಚು ಕೇಳಿಸುವುದಿಲ್ಲ. ಪುನರುತ್ಥಾನದ ನಂಬಿಕೆಯಿಂದ ಹಿಂಜರಿದರೋ, ದೇಹವನ್ನು ಇಡಿಯಾಗಿ ಮಣ್ಣಿಗೊಪ್ಪಿಸುವ ಆಸೆಯಿಂದಲೋ, ವರ್ಷವರ್ಷವೂ ಪರೀಕ್ಷೆಗೆ ಕೂರಬೇಕಾದ ಸಂಕಟದಿಂದಲೋ? ಜೀವಮಾನವೆಲ್ಲ ಪರರನ್ನು ಪರೀಕ್ಷಿಸಿದ ಉಪಾಧ್ಯಾಯಿನಿಗೆ ಎಂಬತ್ತರಲ್ಲಿ ತಾನು ಪರೀಕ್ಷೆಗೆ ಕೂರುವುದು ಸುಲಭವಲ್ಲವೆಂಬುದನ್ನು ನಮ್ಮ ವೃತ್ತಿಯವರು ಬಲ್ಲರು. ವೈದ್ಯಶಾಸ್ತ್ರಕ್ಕೆ ಒಲ್ಲದವನು ಲೆಕ್ಕದಿಂದ ಬಿಟ್ಟುಹೋದವನು ಮಾತ್ರ. ಇತಿಹಾಸಕ್ಕೆ ಅವನೂ ಒಂದು ಕೃತ್ಯವನ್ನು ಮಾಡಿದವನೇ.

ಸನ್ಯಾಸಿನಿಯರ ದಾನದ ಇನ್ನೊಂದು ಲಕ್ಷಣ ಅದರ ಕಾಲಕ್ಕೆ ಸಂಬಂಧಿಸಿದುದು. ಕೊಟ್ಟವಳಿಗೆ ಫಲಿತಾಂಶವನ್ನು ತಿಳಿಯುವ ಸಂಭವವೇ ಇರಲಿಲ್ಲ. ಅವಳ ಮಿದುಳನ್ನು ನೋಡುವ ವೇಳೆಗೆ ಅವಳಿರುತ್ತಿರಲಿಲ್ಲ. ಗ್ರಂಥ ಪ್ರಕಟವಾದ ಮರುವರ್ಷವೇ ಈ ಸ್ಥಿತಿ ಬದಲಾಯಿಸತೊಡಗಿತು. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಎಂಬವರು ಮಿದುಳಿನೊಳಗಿನ ಅಮಿಲಾಯ್ಡ್ ಶೇಖರಣೆಗೆ ಅಂಟಿಕೊಳ್ಳುವ ಒಂದು ದ್ರವ್ಯವನ್ನು ಸಿದ್ಧಪಡಿಸಿದ್ದರು. ಅದಕ್ಕೆ ವಿಕಿರಣಶೀಲ ಇಂಗಾಲವನ್ನು ಸೇರಿಸಿ ರಕ್ತನಾಳಕ್ಕೆ ಕೊಟ್ಟು ಪೆಟ್ ಯಂತ್ರದಿಂದ ಚಿತ್ರ ತೆಗೆದರೆ ಬದುಕಿರುವವನ ಮಿದುಳಿನಲ್ಲಿಯೇ ಆ ಶೇಖರಣೆ ಕಾಣುತ್ತದೆ. ಆ ಇಂಗಾಲದ ಶಕ್ತಿ ಇಪ್ಪತ್ತು ನಿಮಿಷಕ್ಕೆ ಅರ್ಧವಾಗುವುದರಿಂದ ದ್ರವ್ಯವನ್ನು ಅಲ್ಲಿಯೇ ತಯಾರಿಸಿ ಒಡನೆಯೇ ಬಳಸಬೇಕು. 2002ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಮೊದಲ ಬಾರಿಗೆ ಮನುಷ್ಯರ ಮೇಲೆ ಇದನ್ನು ಪ್ರಯೋಗಿಸಿದರು. 16 ಮಂದಿ ರೋಗಿಗಳನ್ನೂ ರೋಗವಿಲ್ಲದ 9 ಮಂದಿಯನ್ನೂ ಕುರಿತ ಲೇಖನ 2004ರಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ, 55ರಿಂದ 90 ವಯಸ್ಸಿನ ಸುಮಾರು 800 ಮಂದಿಯ ಮಿದುಳನ್ನು ಮತ್ತೆ ಮತ್ತೆ ಚಿತ್ರಿಸಿ, ಆ ಚಿತ್ರಗಳನ್ನು ಲೋಕದ ಸಂಶೋಧಕರಿಗೆಲ್ಲ ದೊರಕಿಸುವ ಬೃಹತ್ ಯೋಜನೆ ಆರಂಭವಾಯಿತು.

ಹೀಗೆ ಸ್ವಯಂಸೇವಕನು ತನ್ನ ಕಡತವನ್ನು ತಾನೇ ಓದಬಲ್ಲವನಾದನು. ‘ಎ-4’ ಎಂದು ಹೆಸರಾದ ಪ್ರಯೋಗದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. 2014ರಲ್ಲಿ ಆರಂಭವಾದ ಈ ಪ್ರಯೋಗಕ್ಕೆ 65ರಿಂದ 85 ವಯಸ್ಸಿನ, ಸ್ಮರಣೆಯಲ್ಲಿ ಕೊರತೆಯಿಲ್ಲದವರು ಬೇಕಾಗಿತ್ತು. 4,486 ಮಂದಿ ಪೆಟ್ ಯಂತ್ರದಡಿ ಮಲಗಿದರು. ಅವರಲ್ಲಿ 1,323 ಮಂದಿಗೆ ಶೇಖರಣೆ ಹೆಚ್ಚಾಗಿದೆಯೆಂದು ಕಂಡುಬಂದಿತು. ಆ ಸಂಗತಿಯನ್ನು, ಮನಸ್ಸಿನ ಸ್ಥಿತಿಯನ್ನು ಮೊದಲು ವಿಚಾರಿಸಿಕೊಂಡು, ಅವರವರಿಗೆ ತಿಳಿಸಲಾಯಿತು. 1,169 ಮಂದಿ ಸೊಲಾನೆಜುಮ್ಯಾಬ್ ಎಂಬ ಔಷಧವನ್ನೋ ಬರಿಯ ದ್ರವವನ್ನೋ, ಯಾವುದೆಂದು ತಿಳಿಯದೆಯೇ, ನಾಲ್ಕೂವರೆ ವರ್ಷದಷ್ಟು ಕಾಲ ನರದ ಮೂಲಕ ಪಡೆದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು: ಔಷಧದಿಂದ ಪ್ರಯೋಜನವಾಗಿರಲಿಲ್ಲ. ಮನೆಗೆ ಹಿಂದಿರುಗುವಾಗ ಆ ಮುದುಕರ ಕೈಯಲ್ಲಿ ಉಳಿದದ್ದು ತಮ್ಮ ಮಿದುಳನ್ನು ಕುರಿತ ಒಂದು ಅರಿವು. ಆ ಅರಿವಾದರೂ ಸಿಸ್ಟರ್ ಮೇರಿಯವರಂತಹ ಬಾಳಿಗೂ, ಅದಕ್ಕೆ ವಿರುದ್ಧವಾದ ಬಾಳಿಗೂ ಸಮನಾಗಿ ಹೊಂದುವಂಥದು. ಸೋದರಿಯರು ಕೊಟ್ಟುದಕ್ಕಿಂತ ಇವರು ಕೊಟ್ಟದ್ದು ಕಡಮೆಯೆಂದು ಯಾರೂ ಹೇಳಲಾರರು. ಆದರೆ ಸೋದರಿಯರು ಹೊರದಿದ್ದ ಒಂದು ಹೊರೆಯನ್ನು ಇವರು ಹೊತ್ತರು.

ಸ್ನೋಡನ್ನರ ಗ್ರಂಥದ ನಿಜವಾದ ಹಿರಿಮೆ ನಮಗೆ ತಿಳಿದುಬಂದದ್ದು ಈ ಹೊಸ ಪ್ರಯೋಗಗಳ ಲೇಖನಗಳನ್ನು ಓದಿದ ಮೇಲೆ. ಅವುಗಳಲ್ಲಿ ಸ್ವಯಂಸೇವಕನು ಒಂದು ಸಂಖ್ಯೆ. ಗುಟ್ಟನ್ನು ಕಾಪಾಡುವುದಕ್ಕೆ ಅದು ಅವಶ್ಯವೆಂಬುದನ್ನು ಒಪ್ಪುತ್ತೇವೆ. ಆದರೆ ಸ್ನೋಡನ್ನರ ಪುಟಗಳಲ್ಲಿ ಜನರಿದ್ದಾರೆ: ಹೆಣೆಯುವವರು, ಇಸ್ಪೀಟಾಡುವವರು, ವಿದ್ವಾಂಸನನ್ನೇ ಹಾಸ್ಯ ಮಾಡುವವರು. ಐವತ್ತು ವರ್ಷಗಳ ಅನಂತರ ನಮ್ಮ ಶಿಷ್ಯರ ಶಿಷ್ಯನೊಬ್ಬನು ಈ ಕಾಲದ ವೈದ್ಯೇತಿಹಾಸವನ್ನು ಬರೆಯಹೊರಟರೆ ಅವನಿಗೆ ಮಿದುಳಿನ ಚಿತ್ರಗಳು ಲಕ್ಷಗಟ್ಟಲೆ ದೊರೆಯುತ್ತವೆ. ಆ ಯಂತ್ರದೊಳಗೆ ಏಕೆ ಮಲಗಿದೆನೆಂದು ಮಲಗಿದವನು ಬರೆದ ಒಂದು ಪುಟವೂ ದೊರೆಯದೆ ಹೋಗಬಹುದು. ವೈದ್ಯದ ಗಂಧವೂ ಇಲ್ಲದ ಒಬ್ಬ ಮಠಾಧಿಕಾರಿಣಿ 1930ರಲ್ಲಿ ಬರೆಸಿದ ಒಂದೊಂದು ಹಾಳೆ ಎಷ್ಟು ಕೆಲಸಕ್ಕೆ ಬಂತೆಂಬುದನ್ನು ಕಂಡವರು ಇದನ್ನು ಅಲ್ಪ ಲೋಪವೆನ್ನಲಾರರು.

ಈ ವಿಷಯ ನಮ್ಮ ನಾಡಿಗೆ ದೂರವಾದುದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದಲೂ ಮಿದುಳಿನ ಸಂಗ್ರಹಾಲಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ವರ್ಷ ಮೀರಿದ ಹತ್ತು ಸಾವಿರ ಮಂದಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಗುರಿಯಿಟ್ಟುಕೊಂಡು ಅಧ್ಯಯನವನ್ನು ಆರಂಭಿಸಿತು, ಮಿದುಳಿನ ಎಂ.ಆರ್.ಐ. ಚಿತ್ರಣವೂ ಅದರಲ್ಲಿ ಸೇರಿದೆ. ಮಾವಿನ ತೋಪಿನ ಆ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕೂತು ಮಾತಾಡುತ್ತವೆ. ಅಲ್ಲಿಯ ಮುದುಕಿಯರಲ್ಲಿ ಅನೇಕರು ಅಕ್ಷರ ಕಲಿತವರಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಆತ್ಮಕಥನವನ್ನು ಬರೆಯುವುದಿರಲಿ, ತಮ್ಮ ಹೆಸರನ್ನೂ ಬರೆದವರಲ್ಲ. ಸನ್ಯಾಸಿನಿಯರ ಅಳತೆಗೋಲು ಅಲ್ಲಿ ನಿಷ್ಪ್ರಯೋಜಕ. ಆದರೆ ಸೋಬಾನೆಯ ನೂರು ನುಡಿಗಳನ್ನು ಕಂಠದಲ್ಲಿಟ್ಟುಕೊಂಡವಳ, ಮೂರು ತಲೆಮಾರಿನ ನಂಟಸ್ತಿಕೆಯನ್ನು ತಡವರಿಸದೆ ಹೇಳುವವಳ ವಿಚಾರಸಾಂದ್ರತೆ ಕಡಮೆಯೆಂದು ನಿರ್ಣಯಿಸುವ ಧೈರ್ಯ ನಮಗಿಲ್ಲ. ವಿದ್ಯೆ ಮಿದುಳನ್ನು ಕಾಯುತ್ತದೆಂಬ ಮಾತು ಮಠದಲ್ಲಿ ನಿಜವಾಗಿದ್ದರೂ, ವಿದ್ಯೆಯೆಂದರೆ ಏನೆಂಬುದನ್ನು ಶ್ರೀನಿವಾಸಪುರದಲ್ಲಿ ಮತ್ತೆ ಕೇಳಬೇಕಾಗುತ್ತದೆ. ಅಂತಹ ಅಧ್ಯಯನಗಳನ್ನು ನಡೆಸುವವರು, ಪ್ರತಿಯೊಬ್ಬರಿಂದಲೂ ‘ಏಕೆ ಬಂದಿರಿ’ ಎಂಬುದಕ್ಕೆ ಉತ್ತರವನ್ನು ಅವರದೇ ಆಡುಮಾತಿನಲ್ಲಿ ಧ್ವನಿಮುದ್ರಿಸಿಡಬೇಕೆಂದೂ, ಒಲ್ಲದವರು ಇಷ್ಟಪಟ್ಟರೆ ಅವರ ಮಾತನ್ನೂ ಹೆಸರಿಲ್ಲದೆ ಉಳಿಸಬೇಕೆಂದೂ ನಾವು ಸೂಚಿಸುತ್ತೇವೆ. ಖರ್ಚು ಅಲ್ಪ, ಯಂತ್ರದ ಒಂದು ಚಿತ್ರಕ್ಕೆ ತಗಲುವುದಕ್ಕಿಂತ ಬಹಳ ಕಡಮೆ.

ನಮಗಿನ್ನೂ ಆ ವಯಸ್ಸಾಗಿಲ್ಲವಾದ್ದರಿಂದ ಯಂತ್ರದ ಅನುಭವ ಸ್ವಂತದ್ದಲ್ಲ. ಆದರೆ ಎರಡು ವರ್ಷದ ಕೆಳಗೆ ನಮ್ಮ ತಾಯಿಯವರನ್ನು, ಬಿಡದೆ ಕಾಡುತ್ತಿದ್ದ ತಲೆನೋವಿನ ನಿಮಿತ್ತ, ಒಂದು ಆಸ್ಪತ್ರೆಯಲ್ಲಿ ಎಂ.ಆರ್.ಐ. ಚಿತ್ರಣಕ್ಕೆ ಕರೆದೊಯ್ದಿದ್ದೆವು. ಒಳಗೆ ಲೋಹ ಕೂಡದೆಂದು ಬಳೆ, ಮೂಗುತಿಗಳನ್ನು ತೆಗೆಸಿ, ತಾಳಿಯನ್ನೂ ಬಿಚ್ಚಬೇಕೆಂದಾಗ ಅವರು ಅರ್ಧ ಗಂಟೆ ಒಪ್ಪಲಿಲ್ಲ. ಕಡೆಗೆ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಒಳಗೆ ಹೋದರು. ಹೊರಗೆ ಬಂದು ‘ಏನು ಕಂಡಿತು?’ ಎಂದು ಕೇಳಿದರೆ ಉತ್ತರ ಕೊಡುವವರಿರಲಿಲ್ಲ. ಚಿತ್ರದ ಹಾಳೆಗಳಿದ್ದ ದೊಡ್ಡ ಲಕೋಟೆಯೊಂದನ್ನು ನಮ್ಮ ಕೈಗಿತ್ತು ಮುಂದಿನವರನ್ನು ಕರೆದರು. ಈ ಲೇಖನವನ್ನು ಬರೆಯುತ್ತಿರುವಾಗ, ರೋಗವಿಲ್ಲದೆಯೇ, ಸಂಶೋಧನೆಗಾಗಿ ಯಾರಾದರೂ ಕೇಳಿದರೆ ಮತ್ತೆ ಹೋಗುವಿರಾ ಎಂದು ಅವರನ್ನು ವಿಚಾರಿಸಿದೆವು. ‘ನೋವು ಅಂತ ಬಿಚ್ಚಿದ್ದು ಬೇರೆ, ನೋವಿಲ್ಲದೆ ಬಿಚ್ಚೋದು ಬೇರೆ. ನಿಮ್ಮಪ್ಪನ್ನ ಒಂದು ಮಾತು ಕೇಳಿ ಹೇಳ್ತೀನಿ’ ಎಂದರು. ಇದನ್ನು ಒಪ್ಪಿಗೆಯೆಂದು ಬರೆದುಕೊಳ್ಳಬೇಕೋ ನಿರಾಕರಣೆಯೆಂದೋ ನಮಗೆ ತಿಳಿಯಲಿಲ್ಲ. ತಂದೆಯವರನ್ನು ಅವರು ಇದುವರೆಗೆ ಕೇಳಿದಂತೆಯೂ ಕಾಣಲಿಲ್ಲ.